ಎಲ್‌ಕೆಜಿ ಪಟ್ಟಿಯಲ್ಲಿರುವ ಮಕ್ಕಳು ಯಾರು?

ಕಲಬುರಗಿ ಜಿಲ್ಲೆಯ ಚಿಂಚೋಳಿ ತಾಲ್ಲೂಕಿನ ಓದುಗರೊಬ್ಬರು ತಮ್ಮೂರಿನ ಸರ್ಕಾರಿ ಶಾಲೆಯ ಎಲ್‌ಕೆಜಿ, ಯುಕೆಜಿ ತರಗತಿಗಳ ಬಗ್ಗೆ ಬರೆದಿದ್ದಾರೆ. ಜೂನ್‌ನಲ್ಲಿ ತುಂಬಿದ್ದ ಕೋಣೆ ದೀಪಾವಳಿ ಕಳೆಯುತ್ತಲೇ ಅರ್ಧ ಬರಿದಾಗುತ್ತದೆ, ಉಳಿದವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು, ಗಂಡುಮಕ್ಕಳನ್ನು ಖಾಸಗಿ ಶಾಲೆಯ ವ್ಯಾನು ಹತ್ತಿಸುತ್ತಾರೆ. ಹೀಗಿರುವಾಗ ಈ ತರಗತಿ ನಡೆಸಿ ಫಲವೇನು ಎಂಬುದು ಅವರ ಪ್ರಶ್ನೆ.

ಮಾನ್ಯರೇ, ತಮ್ಮ ಕಾಳಜಿ ಸಕಾರಣವಾದುದು. ಆದರೆ ದಾಖಲಾತಿಯ ಒಟ್ಟು ಸಂಖ್ಯೆಯನ್ನಷ್ಟೇ ನೋಡಿ ತರಗತಿ ಸೋತಿತೆಂದು ತೀರ್ಮಾನಿಸುವುದನ್ನು ನಾವು ಒಪ್ಪುವುದಿಲ್ಲ. ಪಟ್ಟಿಯನ್ನು ಒಂದೊಂದೇ ಹೆಸರು ಹಿಡಿದು ಓದಬೇಕು. ದೀಪಾವಳಿಯ ನಂತರ ಕಾಣದಾಗುವವರು ತಾಂಡಾದ, ಎಂದರೆ ಲಂಬಾಣಿ ವಸತಿಯ ಮಕ್ಕಳಾಗಿದ್ದರೆ, ಅವರು ಶಾಲೆ ಬಿಟ್ಟವರಲ್ಲ, ತಂದೆತಾಯಿಯ ಜೊತೆ ಮುಂಬೈ, ಪುಣೆ, ಹೈದರಾಬಾದಿನ ಕಡೆ ಗುಳೆ ಹೋದವರು. ನಾಲ್ಕು ವರ್ಷದ ಕೂಸನ್ನು ವಸತಿ ನಿಲಯದಲ್ಲಿ ಬಿಟ್ಟುಹೋಗಿ ಎಂದು ಯಾವ ತಾಯಿಗೂ ಹೇಳಲಾಗದು. ಮನೆಯಲ್ಲಿ ಅಜ್ಜಿ ಉಳಿಯುತ್ತಾಳೆಯೇ, ಮಗುವನ್ನು ಅವಳ ಬಳಿ ಬಿಡಬಹುದೇ ಎಂದು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರು ದಸರಾ ರಜೆಗೆ ಮುನ್ನವೇ ಮನೆಮನೆಗೆ ಹೋಗಿ ವಿಚಾರಿಸಬೇಕು. ಹೋದ ಮಗು ಯುಗಾದಿಯ ಹೊತ್ತಿಗೆ ಮರಳಿದಾಗ ಅದರ ಹೆಸರು ಹಾಜರಿಯಲ್ಲಿ ಇನ್ನೂ ಇರಬೇಕು.

ಹೆಣ್ಣುಮಕ್ಕಳೇ ಹೆಚ್ಚಿರುವುದನ್ನು ತಾವು ಕೊರತೆಯೆಂಬಂತೆ ಬರೆದಿದ್ದೀರಿ. ದುಡ್ಡು ಕೊಟ್ಟು ಓದಿಸುವುದು ಮಗನನ್ನು ಮಾತ್ರ ಎಂಬ ಮನೆಯ ತಾರತಮ್ಯ ಅದರಲ್ಲಿ ಇದೆ ನಿಜ, ಅದು ನಮಗೂ ನೋವಿನ ಸಂಗತಿ. ಆದರೆ 2011ರ ಜನಗಣತಿಯಲ್ಲಿ ನೆರೆಯ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇ 51.83ರಷ್ಟಿದ್ದು ರಾಜ್ಯದಲ್ಲೇ ಕನಿಷ್ಠವಾಗಿತ್ತು, ಹೆಂಗಸರದ್ದು ಅದಕ್ಕಿಂತಲೂ ಕಡಿಮೆ. ಇಂಥ ಸೀಮೆಯಲ್ಲಿ ನಾಲ್ಕನೇ ವರ್ಷಕ್ಕೇ ಹೆಣ್ಣುಮಗು ಶಾಲೆಯ ಹೊಸ್ತಿಲು ದಾಟುವುದು ಸಣ್ಣ ಮಾತಲ್ಲ. ಇನ್ನೊಂದನ್ನೂ ತಾವೇ ಹೋಗಿ ನೋಡಿ. ತಾಯಿ ತೊಗರಿ ಕೊಯ್ಲಿಗೆ ಹೋದಾಗ ಚಿಕ್ಕದನ್ನು ಕಂಕುಳಲ್ಲಿ ಎತ್ತಿಕೊಂಡು ಮನೆಯಲ್ಲಿ ಉಳಿಯುತ್ತಿದ್ದ ಮೂರನೇ ತರಗತಿಯ ಅಕ್ಕ, ತಮ್ಮನನ್ನು ಎಲ್‌ಕೆಜಿ ಕೋಣೆಯಲ್ಲಿ ಕೂರಿಸಿ ತಾನು ಪಕ್ಕದ ಕೋಣೆಯಲ್ಲಿ ಪಾಠ ಕೇಳಬಲ್ಲಳು. ಈ ತರಗತಿಯಿಂದಾಗುವ ದೊಡ್ಡ ಉಪಕಾರ ಇದೇ ಎಂದು ನಮ್ಮ ಭಾವನೆ, ಎಲ್‌ಕೆಜಿಯ ದಾಖಲಾತಿ ಸಂಖ್ಯೆಯಲ್ಲಿ ಅದು ಕಾಣುವುದೇ ಇಲ್ಲ.

ಅಂಗನವಾಡಿಯಿಂದ ಬಂದ ಮಗುವನ್ನು ಹೊಸ ದಾಖಲಾತಿಯೆಂದು ಎಣಿಸಿ ಸಂಭ್ರಮಿಸುವುದೂ ಸಲ್ಲದು. 1975ರಿಂದ ಈ ಮಕ್ಕಳನ್ನು ನೋಡಿಕೊಂಡು ಬಂದಿರುವ ವ್ಯವಸ್ಥೆ ಅದು. ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ತೆರೆಯುವುದನ್ನು ವಿರೋಧಿಸಿ 2024ರಲ್ಲಿ ಅಂಗನವಾಡಿ ಕಾರ್ಯಕರ್ತೆಯರು ಪ್ರತಿಭಟಿಸಿದ್ದಕ್ಕೆ ಕಾರಣವಿತ್ತು. ಊರಿನಲ್ಲಿ ಎರಡೂ ಕಡೆ ಸೇರದೆ ಉಳಿದ ಮಕ್ಕಳೆಷ್ಟು ಎಂಬುದೇ ಮುಖ್ಯ ಲೆಕ್ಕ.

ಮುಂದಿನ ಎಸ್‌ಡಿಎಂಸಿ ಸಭೆಯಲ್ಲಿ ಮಗುವಿನ ಜನ್ಮದಿನಾಂಕ, ಮನೆಮಾತು, ಹಿಂದಿನ ಅಂಗನವಾಡಿ, ಗುಳೆಯ ತಿಂಗಳು ಇಷ್ಟನ್ನು ಬರೆಸಿಕೊಳ್ಳಿ. ನೀರು ಬೇಕೆಂಬುದನ್ನೂ ಲಂಬಾಣಿಯಲ್ಲೇ ಕೇಳುವ ಮಕ್ಕಳು ಹೆಚ್ಚಿದ್ದರೆ, ತಾಂಡಾದಲ್ಲಿ ಓದಿದ ಹೆಣ್ಣುಮಗಳೊಬ್ಬಳನ್ನು ಸಹಾಯಕಿಯಾಗಿ ನೇಮಿಸಲು ಠರಾವು ಮಾಡಿ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಕಳುಹಿಸಿ.

—ಸಂ.