ಗಾಗಲ್ಸ್ ಜಾರಿದ ಮೇಲೆ ಏನು ಮಾಡಿದ?

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಪರೀಕ್ಷೆಯ ಬಗ್ಗೆ. ಈಜು ಕಲಿತಿದ್ದಾರೆ ಅಂತ ಯಾವಾಗ ಹೇಳಬೇಕು, ಪಾಸಾದವರನ್ನು ಎಷ್ಟು ನಂಬಬೇಕು, ಇಂಥವೇ. ಐದು ಪತ್ರಗಳನ್ನು ಎತ್ತಿಕೊಂಡಿದ್ದೇನೆ.

ಪ್ರಶ್ನೆ: ನಾನು ಶಾಲೆಯ ದೈಹಿಕ ಶಿಕ್ಷಕ. ಇಪ್ಪತ್ತನಾಲ್ಕು ಮಕ್ಕಳಿಗೆ ಹನ್ನೆರಡು ತರಗತಿ ಈಜು ಮುಗಿದಿದೆ. ಕೊನೆಯ ದಿನ ಎಲ್ಲರನ್ನೂ ಈ ತುದಿಯಿಂದ ಆ ತುದಿಗೆ ಈಜಿಸಿ, ಮುಟ್ಟಿದವರು ಪಾಸ್ ಅಂತ ಬರೆಯೋಣ ಅಂದುಕೊಂಡಿದ್ದೇನೆ. ಇಷ್ಟು ಸಾಕಾ?

ಸಾಲದು. ಇಷ್ಟು ಖಡಾಖಂಡಿತವಾಗಿ ಹೇಳುವುದಕ್ಕೆ ಕಾರಣ, ನಾನೂ ಮೊದಲು ಹಾಗೇ ಮಾಡುತ್ತಿದ್ದೆ.

ಕಲಿಸಲು ಶುರು ಮಾಡಿದ ಮೂರನೇ ವರ್ಷ. ಒಂಬತ್ತು ವರ್ಷದ ಹುಡುಗ, 25 ಮೀಟರ್ ಫ್ರೀಸ್ಟೈಲನ್ನು ಸಲೀಸಾಗಿ ಮುಗಿಸಿದ. ಪಟ್ಟಿಯಲ್ಲಿ ಗುರುತು ಹಾಕಿದೆ. ಮರುವಾರ ಅವನು ಆಳದ ಕಡೆ ಈಜುವಾಗ ಪಕ್ಕದವನ ಕಾಲು ತಗುಲಿ ಗಾಗಲ್ಸ್ ಮೂಗಿನ ಕೆಳಗೆ ಜಾರಿತು. ಆಗಿದ್ದು ಅಷ್ಟೇ. ಹುಡುಗ ಈಜುವುದನ್ನು ಬಿಟ್ಟು ನೀರಿನಲ್ಲಿ ನೆಟ್ಟಗೆ ನಿಂತುಬಿಟ್ಟ. ತಲೆ ಹಿಂದಕ್ಕೆ, ಬಾಯಿ ನೀರಿನ ಮಟ್ಟಕ್ಕೆ, ಎರಡೂ ಕೈ ಪಕ್ಕಕ್ಕೆ ಚಾಚಿ ನೀರನ್ನು ಕೆಳಕ್ಕೆ ಒತ್ತುತ್ತಿದ್ದ. ಕಾಲು ಆಡುತ್ತಲೇ ಇಲ್ಲ. ಒಂದು ಸದ್ದಿಲ್ಲ. ಅಂಚು ಎರಡು ಮಾರು ದೂರವೂ ಇರಲಿಲ್ಲ. ಹಾರಿ ಹಿಡಿದುಕೊಂಡೆ, ಅವನಿಗೆ ಏನೂ ಆಗಲಿಲ್ಲ. ನನಗೆ ಮಾತ್ರ ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಎಲ್ಲವೂ ಸರಿಯಿದ್ದಾಗ ಈಜಬಲ್ಲನೇ ಅಂತ ಅಷ್ಟೇ ನಾನು ನೋಡಿದ್ದೆ.

ಮುಳುಗುವವರು ಕೂಗುತ್ತಾರೆ, ಕೈ ಬೀಸುತ್ತಾರೆ ಅಂತ ಸಿನಿಮಾ ನೋಡಿ ನಂಬಿದ್ದೇವೆ. ಉಸಿರಿಗೇ ಬಾಯಿ ಸಿಗದಿರುವಾಗ ಕೂಗುವುದೆಲ್ಲಿಂದ? ನ್ಯೂಯಾರ್ಕಿನ ಲೈಫ್‌ಗಾರ್ಡ್ ಫ್ರಾಂಕ್ ಪಿಯಾ ಇದನ್ನು ವರ್ಷಗಟ್ಟಲೆ ಗಮನಿಸಿ ವಿವರಿಸಿದವರು. ಅವರ ಲೆಕ್ಕದಲ್ಲಿ ಹೀಗೆ ಒದ್ದಾಡುವುದು 20ರಿಂದ 60 ಸೆಕೆಂಡ್, ಆಮೇಲೆ ಕೆಳಗೆ.

ಈಗ ಏನು ನೋಡಬೇಕು ಅನ್ನುವುದಕ್ಕೆ ಬರೋಣ. ಅಮೆರಿಕನ್ ರೆಡ್ ಕ್ರಾಸ್‌ನವರು ಒಂದರ ಹಿಂದೆ ಒಂದು ಐದು ಕೆಲಸ ಹೇಳುತ್ತಾರೆ. ತಲೆ ಮುಳುಗುವ ನೀರಿಗೆ ಹಾರಿ ಮೇಲೆ ಬರಬೇಕು. ಒಂದು ನಿಮಿಷ ತೇಲಬೇಕು, ಇಲ್ಲವೇ ನಿಂತಲ್ಲೇ ಕಾಲಾಡಿಸಬೇಕು. ಪೂರ್ತಿ ಒಂದು ಸುತ್ತು ತಿರುಗಿ ಹೊರಗೆ ಬರುವ ಜಾಗ ಹುಡುಕಬೇಕು. ಅತ್ತ 25 ಗಜ ಈಜಬೇಕು. ಏಣಿ ಇಲ್ಲದೆ ಹತ್ತಬೇಕು. ನಡುವೆ ಎಲ್ಲೂ ನಿಲ್ಲುವ ಹಾಗಿಲ್ಲ. ಗಮನಿಸಿ, ನೀವು ಪರೀಕ್ಷೆ ಅಂದುಕೊಂಡಿರುವ ಈಜು ಇಲ್ಲಿ ಐದರಲ್ಲಿ ಒಂದು, ಅದೂ ನಾಲ್ಕನೆಯದು.

ಹನ್ನೆರಡು ತರಗತಿಯ ಮಕ್ಕಳು ಇದನ್ನೆಲ್ಲ ಆಳದಲ್ಲಿ ಮಾಡಲಾರರು, ಮಾಡಿಸಲೂ ಬೇಡಿ. ಎದೆಮಟ್ಟದ ನೀರಿನಲ್ಲಿ ಶುರು ಮಾಡಿ. ನಾನು ಮೊದಲು ನೋಡುವುದು ಮೇಲೆ ಬಂದ ಕ್ಷಣದ ಮುಖ. ನೀರಿನಿಂದ ತಲೆ ಎತ್ತಿದ ಕೂಡಲೇ ಎರಡೂ ಕೈಯಿಂದ ಮುಖ ಒರೆಸಿಕೊಳ್ಳುವ ಮಗು ಇನ್ನೂ ತಯಾರಾಗಿಲ್ಲ. ಕೈ ಮುಖದ ಮೇಲಿದ್ದರೆ ತೇಲಿಸುವವರು ಯಾರು? ಕಣ್ಣು ಪಿಳುಕಿಸಿ, ಬಾಯಿಯ ನೀರು ಉಗಿದು, ಒಂದು ಉಸಿರು ಎಳೆದು ಮುಂದೆ ಹೋಗುವ ಮಗು ತಯಾರಿದೆ. ಆ ಎರಡು ಸೆಕೆಂಡಿನಲ್ಲಿ ನನಗೆ ಅರ್ಧ ಉತ್ತರ ಸಿಕ್ಕಿರುತ್ತದೆ.

ಇನ್ನರ್ಧ ಮಗುಚುವುದರಲ್ಲಿದೆ. ಬೋರಲಾಗಿ ಈಜುತ್ತಿರುವಾಗ ನೀವು ಸೀಟಿ ಊದಬೇಕು, ಮಗು ಅಂಗಾತ ತಿರುಗಿ ಹತ್ತು ಉಸಿರು ಆರಾಮಾಗಿ ಎಳೆದು ಮತ್ತೆ ಬೋರಲಾಗಿ ಹೊರಡಬೇಕು. ಕೆಲವರು ತಿರುಗುತ್ತಾರೆ, ಆದರೆ ಉಸಿರು ಬಿಗಿಹಿಡಿದು ಹಲಗೆಯ ಹಾಗೆ ಮಲಗುತ್ತಾರೆ. ಅದು ತೇಲುವುದಲ್ಲ, ಕಾಯುವುದು. ಮಾತಾಡಿಸಿ. ಅಂಗಾತ ಮಲಗಿ ತನ್ನ ಹೆಸರು, ತರಗತಿ ಹೇಳಿದರೆ ಉಸಿರು ಸರಿಯಾಗಿ ಓಡುತ್ತಿದೆ ಅಂತ ಅರ್ಥ.

ಒಂದು ಸಲಕ್ಕೆ ಒಂದೇ ಮಗು. ಪೆನ್ನು ಹಿಡಿದವರು ನೀರು ಕಾಯಬಾರದು, ನೀರು ಕಾಯುವವರು ಪೆನ್ನು ಹಿಡಿಯಬಾರದು. ಇಬ್ಬರು ಬೇಕೇ ಬೇಕು. ಪಟ್ಟಿಯಲ್ಲಿ ಪಾಸ್, ಫೇಲ್ ಬೇಡ. "ತಾನೇ ಮಾಡಿತು", "ಹೇಳಿಕೊಟ್ಟರೆ ಮಾಡಿತು", "ಇನ್ನೂ ಇಲ್ಲ" ಅಂತ ಮೂರು ಸಾಕು, ಜೊತೆಗೆ ತಾರೀಕು. ಇನ್ನೊಂದು ದಿನ ಮತ್ತೊಮ್ಮೆ ನೋಡಿ. ಒಂದು ಸಲ ಬಂದಿದ್ದು ಅದೃಷ್ಟವೂ ಆಗಿರಬಹುದು, ಅಲ್ವಾ? ಮತ್ತೆ, ಧೈರ್ಯ ನೋಡುತ್ತೇನೆ ಅಂತ ಯಾರನ್ನೂ ಹಿಂದಿನಿಂದ ತಳ್ಳಬೇಡಿ. ಇವತ್ತಿಗೂ ಹಾಗೆ ಮಾಡುವವರಿದ್ದಾರೆ, ಅದಕ್ಕೇ ಬರೆದೆ.

ಪ್ರಶ್ನೆ: ಮಗಳಿಗೆ ಏಳು ವರ್ಷ. 25 ಮೀಟರ್ ಈಜಿ ಸರ್ಟಿಫಿಕೇಟ್ ತಂದಿದ್ದಾಳೆ. ಇನ್ನು ಕೆರೆ, ಹೊಳೆಗೂ ಬಿಡಬಹುದಾ?

ಸರ್ಟಿಫಿಕೇಟಿಗೆ ಚೌಕಟ್ಟು ಹಾಕಿಸಿ, ಸಂತೋಷಪಡಿ. ಹೊಳೆಗೆ ಮಾತ್ರ ಬಿಡಬೇಡಿ.

ಜರ್ಮನಿಯಲ್ಲಿ ಮಕ್ಕಳಿಗೆ "ಜೇಪ್‌ಫೆರ್ಡ್‌ಖೆನ್" ಅಂತ ಒಂದು ಬ್ಯಾಡ್ಜ್ ಕೊಡುತ್ತಾರೆ. ಹಾಗೆಂದರೆ ಕಡಲಕುದುರೆ. ಅಂಚಿನಿಂದ ಹಾರಬೇಕು, 25 ಮೀಟರ್ ಈಜಬೇಕು, ಭುಜಮಟ್ಟದ ನೀರಿನ ತಳದಿಂದ ಒಂದು ವಸ್ತು ಎತ್ತಬೇಕು. ಆದರೂ ಅಲ್ಲಿನ ಜೀವರಕ್ಷಕರ ಸಂಘದವರು ಇಷ್ಟಕ್ಕೇ ಮಗುವನ್ನು ಸುರಕ್ಷಿತ ಈಜುಗಾರ ಅಂತ ಒಪ್ಪುವುದಿಲ್ಲ. ಅದಕ್ಕೆ ಮುಂದಿನ ಕಂಚಿನ ಬ್ಯಾಡ್ಜ್ ಬೇಕು ಅನ್ನುತ್ತಾರೆ. ಅದರಲ್ಲಿ 15 ನಿಮಿಷ ಈಜಬೇಕು, ಕನಿಷ್ಠ 200 ಮೀಟರ್ ಆಗಬೇಕು. ನೆದರ್ಲ್ಯಾಂಡ್ಸ್‌ನವರದು ಇನ್ನೂ ಚೆಂದ. ಮೊದಲ ಹಂತದ ಡಿಪ್ಲೊಮಾಕ್ಕೇ ಬಟ್ಟೆ ತೊಟ್ಟು ಈಜಬೇಕು. ಕಾಲುವೆಗಳ ದೇಶ ನೋಡಿ, ಮಕ್ಕಳು ಈಜುಡುಗೆ ಹಾಕಿಕೊಂಡು ಕಾಲು ಜಾರಿ ಬೀಳುವುದಿಲ್ಲ ಅಂತ ಅವರಿಗೆ ಗೊತ್ತು.

ನಿಮ್ಮ ಮಗಳು ಈಜಿದ್ದು ತಳ ಕಾಣುವ, ಅಲೆಯಿಲ್ಲದ ನೀರಿನಲ್ಲಿ. ಹೊಳೆಯಲ್ಲಿ ತಳ ಕಾಣುವುದಿಲ್ಲ, ಸೆಳವು ಇರುತ್ತದೆ, ಹಿಡಿದುಕೊಳ್ಳಲು ಅಂಚಿಲ್ಲ. ನೀರು ತುಂಬಾ ತಣ್ಣಗಿದ್ದರೆ ಬಿದ್ದ ಕೂಡಲೇ ಮೈ ತಾನಾಗಿ ದೊಡ್ಡ ಉಸಿರು ಎಳೆದುಬಿಡುತ್ತದೆ. ಆಗ ಮುಖ ನೀರಿನೊಳಗಿದ್ದರೆ ಕಥೆ ಮುಗಿಯಿತು. ಸದ್ಯಕ್ಕೆ ಕಲಿಸಿದವರನ್ನು ಕೇಳಿ, ಅವರ ಎದುರೇ ಕೊಳದಲ್ಲಿ ಅಂಗಿ, ಉದ್ದ ಚಡ್ಡಿ ತೊಡಿಸಿ ಇಳಿಸಿ. ಒದ್ದೆ ಬಟ್ಟೆಯಲ್ಲಿ ಅಂಚು ಹತ್ತಲು ಎಷ್ಟು ಒದ್ದಾಡುತ್ತಾಳೆ ಅಂತ ನೀವೂ ನೋಡಿ, ಅವಳಿಗೂ ಗೊತ್ತಾಗಲಿ.

ಪ್ರಶ್ನೆ: ವಯಸ್ಸು 44. ಎರಡು ತಿಂಗಳಿಂದ ಕಲಿಯುತ್ತಿದ್ದೇನೆ. ಅಂಗಾತ ಮಲಗಿದರೆ ಕಾಲು ಮುಳುಗುತ್ತದೆ. ತೇಲುವ ಪರೀಕ್ಷೆಯಲ್ಲಿ ಫೇಲ್ ಆಗುತ್ತೇನಾ?

ಕಾಲು ಮುಳುಗಲಿ ಬಿಡಿ. ಪರೀಕ್ಷೆ ಬಾಯಿ, ಮೂಗಿಗೆ. ಅವು ಮೇಲಿದ್ದು ಉಸಿರು ಓಡುತ್ತಿದ್ದರೆ ನನ್ನ ಲೆಕ್ಕದಲ್ಲಿ ನೀವು ತೇಲುತ್ತಿದ್ದೀರಿ.

ಎದೆಯಲ್ಲಿ ಗಾಳಿ ಇದೆ, ಅದು ಮೇಲೇಳುತ್ತದೆ. ಕಾಲಿನಲ್ಲಿ ಮೂಳೆ, ಮಾಂಸಖಂಡ, ಅದು ಇಳಿಯುತ್ತದೆ. ಏತದ ಹಾಗೆ. ತೆಳ್ಳಗೆ ಗಟ್ಟಿಮೈ ಇರುವವರಿಗೆ ಇದು ಜಾಸ್ತಿ. ಕೈಗಳನ್ನು ನೀರಿನೊಳಗೇ ಇಟ್ಟು ನಿಧಾನಕ್ಕೆ ತಲೆಯ ಆಚೆಗೆ ಚಾಚಿ, ಮಂಡಿ ಸ್ವಲ್ಪ ಮಡಿಸಿ. ಆಗ ಭಾರ ತಲೆಯ ಕಡೆ ಸರಿದು ಸೊಂಟ ಏಳುತ್ತದೆ. ಉಸಿರು ಪೂರ್ತಿ ಬಿಡಬೇಡಿ. ಮುಕ್ಕಾಲು ತುಂಬಿಟ್ಟುಕೊಂಡು ಮೇಲುಮೇಲೆ ಬದಲಾಯಿಸಿ. ಅಂಗೈಯಿಂದ ಅಷ್ಟಿಷ್ಟು ನೀರು ಸವರಿದರೂ ತಪ್ಪೇನಿಲ್ಲ. ತಲೆ ಎತ್ತಿ ಕಾಲು ಎಲ್ಲಿದೆ ಅಂತ ನೋಡುವುದನ್ನು ಮಾತ್ರ ಬಿಡಿ. ದೊಡ್ಡವರೆಲ್ಲ ಮಾಡುವ ತಪ್ಪು ಅದು, ನೋಡಿದ ಕೂಡಲೇ ಮುಳುಗುತ್ತಾರೆ.

ಪ್ರಶ್ನೆ: ನಮ್ಮ ಹುಡುಗರು ನೀರಿನೊಳಗೆ ಯಾರು ಜಾಸ್ತಿ ಹೊತ್ತು ಉಸಿರು ಹಿಡಿಯುತ್ತಾರೆ ಅಂತ ಪಂದ್ಯ ಕಟ್ಟುತ್ತಾರೆ. ಇದನ್ನೂ ಪರೀಕ್ಷೆಯಲ್ಲಿ ಸೇರಿಸಬಹುದಾ?

ಬೇಡವೇ ಬೇಡ. ಪಂದ್ಯವನ್ನೂ ನಿಲ್ಲಿಸಿ, ಇವತ್ತೇ.

ಮುಳುಗುವ ಮೊದಲು ಹುಡುಗರು ಬುಸುಬುಸು ಅಂತ ಹತ್ತಾರು ಉಸಿರು ಎಳೆಯುತ್ತಾರಲ್ಲ, ಅದರಿಂದ ಆಮ್ಲಜನಕ ಹೆಚ್ಚೇನೂ ಏರುವುದಿಲ್ಲ. ರಕ್ತದ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ. ಉಸಿರಾಡು ಅಂತ ಒಳಗಿನಿಂದ ಒದೆಯುವುದು ಮುಖ್ಯವಾಗಿ ಅದೇ. ಆ ಒದೆತ ಬರುವ ಮೊದಲೇ ಆಮ್ಲಜನಕ ತೀರಿ ಪ್ರಜ್ಞೆ ತಪ್ಪಬಹುದು. ಚೆನ್ನಾಗಿ ಈಜುವವರಿಗೂ, ಸೊಂಟಮಟ್ಟದ ನೀರಿನಲ್ಲೂ ಆಗುತ್ತದೆ. ತಳದಿಂದ ಒಂದು ಉಂಗುರ ಎತ್ತಿ ತರಲಿ, ಒಂದೇ ಉಸಿರಿನಲ್ಲಿ. ಅಷ್ಟು ಸಾಕು.

ಪ್ರಶ್ನೆ: ನೀರಿನ ಸುರಕ್ಷತೆಯನ್ನು ಬಾಯಿಪಾಠ ಮಾಡಿಸಿದ್ದೇವೆ. ಪ್ರಶ್ನೆ ಕೇಳಿ ಅಂಕ ಕೊಟ್ಟರೆ ಆಯ್ತಲ್ಲ?

"ಸ್ನೇಹಿತ ಮುಳುಗುತ್ತಿದ್ದರೆ ಏನು ಮಾಡ್ತೀಯ?" ಅಂತ ಕೇಳಿದರೆ ಪಾಠ ಮಾಡಿದವರೆಲ್ಲ ಸರಿಯಾಗಿಯೇ ಹೇಳುತ್ತಾರೆ. ಕೂಗಬೇಕು, ಕೋಲು ಚಾಚಬೇಕು, ತೇಲುವಂಥದ್ದು ಎಸೆಯಬೇಕು, ನೀರಿಗೆ ಇಳಿಯಬಾರದು. ಮಾಡಿಸಿ ನೋಡಿ, ಬೇರೆಯೇ ಕಾಣುತ್ತದೆ.

ನಾನು ಸಹಾಯಕರೊಬ್ಬರನ್ನು ಅಂಚಿನ ಹತ್ತಿರ ಮುಳುಗುವವರ ಹಾಗೆ ನಟಿಸಲು ಹೇಳುತ್ತೇನೆ. ದಡದಲ್ಲಿ ಉದ್ದ ಕೋಲು, ಟವೆಲ್, ಖಾಲಿ ಪ್ಲಾಸ್ಟಿಕ್ ಕ್ಯಾನು ಬಿದ್ದಿರುತ್ತವೆ. ಹೆಚ್ಚಿನ ಮಕ್ಕಳು ಕೋಲು ಹಿಡಿದು ನಿಂತುಕೊಂಡೇ ಚಾಚುತ್ತಾರೆ. ಸಹಾಯಕರು ಸ್ವಲ್ಪ ಜಗ್ಗಿದರೂ ಇವರೂ ನೀರಿಗೆ. ಹೋದ ತಂಡದಲ್ಲಿ ಎಂಟು ವರ್ಷದ ಹುಡುಗಿಯೊಬ್ಬಳು ಇದ್ದಳು. ಹತ್ತು ಮೀಟರ್ ಈಜಲೂ ಏದುಸಿರು ಬಿಡುವವಳು. ಅವಳು ಮೊದಲು ನನ್ನ ಕಡೆ ತಿರುಗಿ ಜೋರಾಗಿ ಕೂಗಿದಳು. ಆಮೇಲೆ ಅಂಚಿನಿಂದ ಹಿಂದೆ ಸರಿದು ಹೊಟ್ಟೆಯ ಮೇಲೆ ಮಲಗಿ, ಕಾಲು ಅಗಲಿಸಿ, ಟವೆಲ್ಲಿನ ತುದಿ ಎಸೆದಳು. ಸಹಾಯಕರು ಅದನ್ನು ಹಿಡಿದು ಜೋರಾಗಿ ಜಗ್ಗಿದರು. ಹುಡುಗಿ ಟವೆಲ್ ಬಿಟ್ಟುಬಿಟ್ಟಳು!

ಯಾಕೆ ಬಿಟ್ಟೆ ಅಂತ ಕೇಳಿದೆ. "ಎಳ್ಕೊಂಡು ಹೋಗ್ತಿದ್ರು, ಅದಕ್ಕೇ. ಇನ್ನೊಂದು ಎಸೀತೀನಿ," ಅಂದು ಕ್ಯಾನಿನ ಕಡೆ ತೆವಳಿದಳು. ಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ ಈಜಿಗೆ "ಇನ್ನೂ ಇಲ್ಲ" ಅಂತ ಇದೆ. ಅದರ ಪಕ್ಕದ ಕಾಲಮ್ಮಿನಲ್ಲಿ "ತಾನೇ ಮಾಡಿತು" ಅಂತ ಬರೆದು ಕೆಳಗೆ ಎರಡು ಗೆರೆ ಎಳೆದಿದ್ದೇನೆ.