ಯಾವ ಬಿರುಗಾಳಿ, ತಂಗಿ?

ಪ್ರೀತಿಯ ತಂಗಿ,

ಉಪ್ಪಳದಿಂದ ನೀವು ನಮ್ಮ ಪತ್ರಿಕೆಗೆ ಕಳಿಸಿದ ‘ಬಿರುಗಾಳಿಯಲ್ಲಿ ಕಂಡ ಬೆಳಕು’ ಲೇಖನ ಓದಿದೆ. ಭಾಷೆ ಚೆನ್ನಾಗಿದೆ, ಕಾಗುಣಿತದ ತಪ್ಪಿಲ್ಲ, ನಿಮ್ಮ ವಿಶ್ವಾಸ ನಿಜವಾದದ್ದು ಅಂತ ಗೊತ್ತಾಗುತ್ತದೆ. ಆದರೂ ಈಗಿರುವ ಹಾಗೆ ಇದನ್ನು ನಾನು ಹಾಕುವುದಿಲ್ಲ. ಎರಡೂವರೆ ಪುಟದಲ್ಲಿ ಒಂದೇ ಒಂದು ಸಾಲು ನನ್ನನ್ನು ಹಿಡಿದು ನಿಲ್ಲಿಸಿತು. ಉಳಿದ ಸಾಲುಗಳೆಲ್ಲ ಸೇರಿ ಅದನ್ನು ಮುಚ್ಚಿಬಿಟ್ಟಿವೆ. ನನಗೆ ಸಿಟ್ಟು ಬಂದದ್ದು ಅದಕ್ಕೇ.

ನಿಮ್ಮ ಮೊದಲ ಸಾಲು: ‘ಜೀವನವೆಂಬ ಸಾಗರದಲ್ಲಿ ಕಷ್ಟಗಳೆಂಬ ಅಲೆಗಳು ಅಪ್ಪಳಿಸಿದಾಗ ವಿಶ್ವಾಸವೆಂಬ ನೌಕೆಯೇ ನಮಗೆ ಆಸರೆ.’ ಕಡಲಿನಿಂದ ಕೂಗಳತೆಯಲ್ಲಿ ಮನೆ ಇರುವವರು ಬರೆಯುವ ಸಾಲೇ ಇದು? ಇದರಲ್ಲಿ ಉಪ್ಪಿಲ್ಲ, ಗಾಳಿಯಿಲ್ಲ. ಕಡಲನ್ನೇ ಕಾಣದವರೂ ಇದನ್ನು ಬರೆಯಬಹುದು, ಎಷ್ಟೋ ಜನ ಬರೆದೂ ಇದ್ದಾರೆ. ಎರಡನೇ ಪುಟಕ್ಕೆ ಬಂದರೆ ಅಸಲು ವಿಷಯ ಸಿಗುತ್ತದೆ. 2021ರ ಮೇ ತಿಂಗಳು, ತೌಕ್ತೆ ಚಂಡಮಾರುತ, ಅಡುಗೆಮನೆಯ ಶೀಟು ಹಾರಿಹೋಗಿದೆ, ಲಾಕ್‌ಡೌನ್ ಅಂತ ಇಗರ್ಜಿಯ (ಚರ್ಚಿನ) ಬಾಗಿಲೂ ಹಾಕಿದೆ. ಅಲ್ಲಿ ಬರೆದಿದ್ದೀರಿ: ‘ಅಂದು ರಾತ್ರಿ ಅಮ್ಮ ಅಕ್ಕಿಯ ಡಬ್ಬವನ್ನು ಮಂಚದ ಮೇಲಿಟ್ಟು ತಾವು ನೆಲದ ಮೇಲೆ ಕೂತರು.’ ಈ ಸಾಲು ಓದಿ ನಾನು ಕಾಗದ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತೆ. ಮುಂದಿನ ಸಾಲು ಏನು? ‘ಆ ದಿನಗಳು ಬಹಳ ಕಠಿಣವಾಗಿದ್ದವು, ಆದರೆ ದೇವರು ಎಲ್ಲವನ್ನೂ ಸರಿಪಡಿಸಿದರು.’

ಆ ‘ಆದರೆ’ ತೆಗೆಯಿರಿ. ಲೇಖನದಲ್ಲಿ ಏಳು ಕಡೆ ಇದೆ, ಪೆನ್ಸಿಲಿನಲ್ಲಿ ಗುರುತು ಹಾಕಿದ್ದೇನೆ. ಪ್ರತಿ ಸಲ ನೋವು ಬಾಯಿ ತೆರೆಯುವಷ್ಟರಲ್ಲಿ ನೀವು ದೇವರನ್ನು ಕರೆತಂದು ಅದರ ಬಾಯಿ ಮುಚ್ಚಿಸುತ್ತೀರಿ. ದೇವರಿಗೆ ಅಷ್ಟು ಅವಸರ ಇಲ್ಲ ತಂಗಿ, ಅವಸರ ನಿಮಗೆ.

ಸಂತ ಮಾರ್ಕನ ಸುವಾರ್ತೆಯ 4ನೇ ಅಧ್ಯಾಯದ ಬಗ್ಗೆ ‘ಶಿಷ್ಯರು ಪ್ರಾರ್ಥಿಸಿದರು, ಯೇಸು ಬಿರುಗಾಳಿಯನ್ನು ಶಾಂತಗೊಳಿಸಿದರು’ ಎಂದಿದ್ದೀರಿ. ಪುಸ್ತಕ ತೆಗೆದು ಇನ್ನೊಮ್ಮೆ ಓದಿ. ಅಲ್ಲಿ ಅವರು ಪ್ರಾರ್ಥಿಸಲಿಲ್ಲ, ಬೈದರು. ದೋಣಿಗೆ ನೀರು ತುಂಬುತ್ತಿದೆ, ಯೇಸು ಹಿಂಭಾಗದಲ್ಲಿ ತಲೆದಿಂಬಿನ ಮೇಲೆ ಮಲಗಿದ್ದಾರೆ. ಎಬ್ಬಿಸಿ ಕೇಳುತ್ತಾರೆ, ನಾವು ಸಾಯುತ್ತಿದ್ದೇವೆ, ನಿಮಗೇನೂ ಅನಿಸುವುದಿಲ್ಲವಾ ಅಂತ. ಗಾಳಿ ನಿಂತ ಮೇಲಾದರೂ ಅವರಿಗೆ ನೆಮ್ಮದಿ ಆಯಿತಾ? ಇಲ್ಲ, ಭಯ ಇನ್ನೂ ಜಾಸ್ತಿಯಾಯಿತು. ಮಾರ್ಕ ಇದನ್ನೆಲ್ಲ ಮುಚ್ಚಿಡಲಿಲ್ಲ. ಅಮ್ಮ ಆ ರಾತ್ರಿ ದೇವರನ್ನು ಏನು ಕೇಳಿದರು? ಬೈದರಾ? ಅದನ್ನು ಬಿಟ್ಟಿದ್ದೀರಿ. ಕೀರ್ತನೆ 88 ಕತ್ತಲೆಯಲ್ಲೇ ಮುಗಿಯುತ್ತದೆ, ಒಂದು ಸಮಾಧಾನದ ಮಾತೂ ಇಲ್ಲದೆ. ಅದೂ ಬೈಬಲ್ಲಿನಲ್ಲೇ ಇದೆ, ಅಲ್ವಾ?

ಇನ್ನು ‘ಬಿರುಗಾಳಿ ನಿಂತ ಮೇಲೆ ಮೂಡುವ ಕಾಮನಬಿಲ್ಲೇ ದೇವರ ಸೌಂದರ್ಯ’ ಎಂಬ ಸಾಲು. ನನಗೆ ಇದು ತುಂಬಾ ಕಾಡುತ್ತದೆ, ಯಾಕೆಂದರೆ ನಿಂತ ಮೇಲೆ ಮಾತ್ರ ಚೆಲುವು ಅಂದರೆ ಗಾಳಿ ಇನ್ನೂ ನಿಲ್ಲದವರಿಗೆ, ಈ ಹೊತ್ತೂ ಆಸ್ಪತ್ರೆಯ ವರಾಂಡದಲ್ಲಿ ಚಾಪೆ ಹಾಸಿ ಕೂತವರಿಗೆ ನೀವು ಏನನ್ನೂ ಕೊಟ್ಟ ಹಾಗಾಗಲಿಲ್ಲ. ಬೈಬಲ್ಲಿನ ಪ್ರೇಷಿತರ ಕಾರ್ಯಕಲಾಪಗಳ 27ನೇ ಅಧ್ಯಾಯ ನೋಡಿ. ಬಿರುಗಾಳಿಗೆ ಸಿಕ್ಕ ಹಡಗಿನಲ್ಲಿ 276 ಜನ. ಎಷ್ಟೋ ದಿನದಿಂದ ಸೂರ್ಯನಿಲ್ಲ, ನಕ್ಷತ್ರವಿಲ್ಲ. ಹಿಂಭಾಗದಿಂದ ನಾಲ್ಕು ಲಂಗರು ಇಳಿಸಿ ಯಾವಾಗ ಬೆಳಗಾಗುತ್ತದೋ ಅಂತ ಕಾಯುತ್ತಿದ್ದಾರೆ. ಆಗ ಸಂತ ಪೌಲ ರೊಟ್ಟಿ ತೆಗೆದುಕೊಂಡು ಎಲ್ಲರ ಎದುರು ದೇವರಿಗೆ ವಂದಿಸಿ ಮುರಿದು ತಿನ್ನುತ್ತಾನೆ. ಹಡಗು ಒಡೆಯುವುದು ಆಮೇಲೆ. ಜನ ಉಳಿದರು, ಹಡಗು ಉಳಿಯಲಿಲ್ಲ. ನಿಮ್ಮಮ್ಮ ಅಕ್ಕಿ ಡಬ್ಬ ಎತ್ತಿಟ್ಟದ್ದು ಆ ರೊಟ್ಟಿಯ ಹತ್ತಿರದ್ದೇ. ಅದನ್ನು ಬಿಟ್ಟು ಕಾಮನಬಿಲ್ಲು ಹುಡುಕಲು ಹೋಗಿದ್ದೀರಿ.

ನಾನು ಕೆಲಸ ಕಲಿತದ್ದು ಕಾಸರಗೋಡಿನ ಒಂದು ಸಣ್ಣ ಅಚ್ಚುಕೂಟದಲ್ಲಿ, ಅಕ್ಷರದ ಮೊಳೆ ಜೋಡಿಸುವ ಕಾಲದಲ್ಲಿ. ಮೊಳೆ ಜೋಡಿಸುವವರು ಹತ್ತಿರದ ಬೇಳ ಎಂಬ ಊರಿನ ಕಡೆಯ ಹಿರಿಯರು, ಮನೆಯಲ್ಲಿ ಕೊಂಕಣಿ, ಕೆಲಸದಲ್ಲಿ ಕನ್ನಡ. ಒಂದೊಂದು ಅಕ್ಷರವನ್ನೂ ಕೈಯಲ್ಲಿ ಹೆಕ್ಕಿ ಇಡಬೇಕಿತ್ತಲ್ಲ, ಹಾಗಾಗಿ ಸುಮ್ನೆ ಬಂದು ಕೂತ ಪದ ಅವರ ಬೆರಳಿಗೇ ಗೊತ್ತಾಗುತ್ತಿತ್ತು. ‘ಕರುಣಾಮಯನಾದ’ ಅಂತ ಬಂದರೆ ತಲೆ ಎತ್ತಿ ಕೇಳುತ್ತಿದ್ದರು, ‘ಏನು ಮಾಡಿದ ಅಂತ ಬರೆದಿದ್ದಾರಲ್ಲ, ಇದು ಬೇಕಾ?’ ಸಂಪಾದಕರದ್ದು ಬೇರೆ ಪಾಠ. ಯಾರಾದರೂ ಗಾಳಿ ಅಂತ ಬರೆದರೆ, ಯಾವ ಕಡೆಯಿಂದ ಬಂತು ಅಂತ ಕೇಳಿಕೊಂಡು ಬಾ ಎಂದು ನನ್ನನ್ನು ಕಳಿಸುತ್ತಿದ್ದರು. ಕಡಲ ದಡದ ಕಡಪ್ಪುರದಲ್ಲಿ ಬಲೆ ಹೆಣೆಯುತ್ತಾ ಕೂತವರು ಕೈ ನಿಲ್ಲಿಸದೆ ಉತ್ತರ ಹೇಳುತ್ತಿದ್ದರು, ಗಾಳಿಯ ದಿಕ್ಕು, ಆಗ ಬಲೆಗೆ ಬೀಳುವ ಮೀನು, ಹೋಗಿ ಬಾರದವರ ಹೆಸರು. ನನಗೆ ಬರೆಯಲು ಕಲಿಸಿದ್ದು ಆ ಸಂಜೆಗಳು.

ನೆರೆಯ ಮಂಜೇಶ್ವರದ ಕವಿ ಗೋವಿಂದ ಪೈಗಳು ಕ್ರೈಸ್ತರಲ್ಲ. ಆದರೂ ‘ಗೊಲ್ಗೊಥಾ’ದಲ್ಲಿ ಯೇಸುವಿನ ಕಡೆಯ ದಿನವನ್ನೇ ಹಿಡಿದು ಒಂದು ಖಂಡಕಾವ್ಯ ಬರೆದರು. ಬೇಳದ ಇಗರ್ಜಿ ಶೋಕಮಾತೆಯ, ಅಂದರೆ ಮಗನಿಗಾಗಿ ದುಃಖಿಸುವ ಮರಿಯಮ್ಮನ ಹೆಸರಿನದು, ನೀವೂ ಹೋಗಿರುತ್ತೀರಿ. ಅಲ್ಲಿ ಮೊಂಬತ್ತಿ ಹಚ್ಚುವವರು ಯಾರೂ ಆ ತಾಯಿಗೆ ಕಣ್ಣೀರು ಒರೆಸಿಕೋ ಅನ್ನುವುದಿಲ್ಲ. ನಿಮ್ಮ ಅಮ್ಮನಿಗೂ ಅಷ್ಟು ಜಾಗ ಕೊಡಿ.

ಮೂರನೇ ಪುಟದ ಕವಿತೆಯ ಬಗ್ಗೆ ಈಗ ಮಾತು ಬೇಡ. ಮೊದಲ ಪುಟ ಪೂರ್ತಿ ಬಿಡಿ. ಆ ಒಂದು ರಾತ್ರಿಯನ್ನಷ್ಟೇ ಬರೆಯಿರಿ, ಶೀಟು ಹಾರಿದ ಹೊತ್ತಿನಿಂದ ಬೆಳಗಿನವರೆಗೆ. ಅಮ್ಮನ ಹತ್ತಿರ ಕೂತು ಕೇಳಿ, ಅವರು ಹೇಳಿದ ಹಾಗೇ ಬರೆಯಿರಿ, ತಿದ್ದಬೇಡಿ. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ (ಮರಿಯಮ್ಮನ ಜನ್ಮದಿನ) ನಮ್ಮ ಸಂಚಿಕೆ ಬರುತ್ತದೆ, ಆಗಸ್ಟ್ 15ರೊಳಗೆ ಕೈಸೇರಿದರೆ ನಾಲ್ಕು ಪುಟ ನಿಮಗೆಂದೇ ಇಟ್ಟಿರುತ್ತೇನೆ.