ಓದುಗರ ಪ್ರಶ್ನೆ: ಒಂದ ಪೇಟ, ಆರು ತಲಿ

ಈ ಸಲ ಬಂದ ಪತ್ರದಾಗ ಅರ್ಧಕ್ಕರ್ಧ ಪತ್ರಿಕೋದ್ಯಮ ಓದಿದವ್ರದು, ಓದೋರದು. ಎಲ್ಲಾರೂ ಸನ್ಮಾನದ ಸುದ್ದೀನ ಎತ್ಯಾರ. ಅದಕ್ಕ ಎಲ್ಲಾ ಒಂದ ಕಡೆ ಹಾಕೀನಿ, ಗ್ಯಾಸ್ಟ್ರಿಕ್ಕು, ಸೈಟಿನ ತಕರಾರು ಬರೆದವ್ರು ಮುಂದಿನ ಸಂಚಿಕೆ ತನಕ ತಡಕೋರಿ.

ಪ್ರಶ್ನೆ: ಸರ, ನಾನು ಬಳ್ಳಾರಿಯಾಗ ಎಂ.ಎ. ಪತ್ರಿಕೋದ್ಯಮ ಎರಡನೇ ವರ್ಷ. ನಮ್ಮ ಡಿಪಾರ್ಟ್‌ಮೆಂಟಿನಾಗ ಹಳೇ ವಿದ್ಯಾರ್ಥಿ ಸಾಧಕರಿಗೆ ಸನ್ಮಾನ ಇಟ್ಕೊಂಡಾರ, ಹೆಸರು ಆರಿಸೋದು ನಮ್ಮ ನಾಲ್ಕು ಮಂದಿ ತಲಿಗೆ ಬಂದೈತಿ. ವಾಟ್ಸಾಪ್ ಗ್ರೂಪಿನಾಗ ಕೇಳಿದ್ವಿ, ಹನ್ನೊಂದು ಹೆಸರು ಬಂದ್ವು, ಅದ್ರಾಗ ಎಂಟು ಟಿವಿ ಆಂಕರ್‌ಗಳು. ಒಂದು ಜೀವಮಾನ ಸಾಧನೆ ಪ್ರಶಸ್ತಿನೂ ಇರ್ಲಿ ಅಂತ ಎಚ್‌ಓಡಿ ಸರ್ ಹೇಳ್ಯಾರ. ಸಾಧನೆ ಅಂದ್ರ ಯಾವುದನ್ನ ಹಿಡೀಬೇಕ್ರಿ?
(ಹೆಸರು ಹಾಕಬ್ಯಾಡ್ರಿ ಸರ, ಇಂಟರ್ನಲ್ಸ್ ಅದಾವು)

ಉತ್ತರ: ಹಾಕಂಗಿಲ್ಲ ತಂಗಿ, ನಿಶ್ಚಿಂತಿ ಇರು. ಮೊದ್ಲು ಆ ಜೀವಮಾನದ್ದು ಮುಗಿಸೋಣ. ಬಳ್ಳಾರಿಗೆ ಸ್ವಂತ ವಿಶ್ವವಿದ್ಯಾಲಯ ಅಂತ ಆಗಿದ್ದ 2010ರಾಗ, ಅದಕ್ಕೂ ಮೊದ್ಲು ಗುಲ್ಬರ್ಗ ವಿವಿಯ ಪಿಜಿ ಸೆಂಟರ್ ಇತ್ತು. ರಾಯಚೂರು, ಕೊಪ್ಪಳದವ್ರಿಗೆ ಅದಾದ ಮ್ಯಾಲೇ ಸಿಕ್ಕಿದ್ದು. ಅಂದ್ರ ನಿಮ್ಮಲ್ಲಿ ಮೊದಲ ಬ್ಯಾಚ್ ಓದಿ ಹೋದವ್ರಿಗೆ ಈಗಿನ್ನೂ ನಲವತ್ತರ ಆಸುಪಾಸು. ಅಂಥವನ ಕರೆಸಿ ಜೀವಮಾನ ಸಾಧನೆ ಅಂತ ಕೊಟ್ರ ಪಾಪ ಅವನ ಹೆಂಡ್ತಿ ಗಾಬರಿ ಆಗಂಗಿಲ್ಲೇನು? ಹತ್ತು ವರ್ಷ ಇದೇ ಕಸುಬಿನಾಗ ತಳ ಊರಿ ನಿಂತವ್ರಿಗೆ ಅಂತ ಒಂದು ಇಡ್ರಿ ಸಾಕು, ನಮ್ಮ ಲೈನಿನಾಗ ಹತ್ತು ವರ್ಷ ಬಿಡದ ನಿಲ್ಲೋದ ದೊಡ್ಡ ಸಾಧನೆ ಐತಿ.

ಇನ್ನ ಎಂಟು ಆಂಕರ್‌ದ್ದು. ಅವ್ರು ಬ್ಯಾಡ ಅಂತಲ್ಲ, ಅವ್ರ ಮುಖ ನಿಮಗ ದಿನಾ ಕಾಣತೈತಿ, ಅದಕ್ಕ ಅವ್ರ ಹೆಸರ ಮೊದ್ಲು ಬಾಯಿಗೆ ಬರತೈತಿ ಅಷ್ಟ. 2024ರ ಆಗಸ್ಟ್ 10ರ ರಾತ್ರಿ ಟಿಬಿ ಡ್ಯಾಂನ (ನಮ್ಮ ತುಂಗಭದ್ರಾ ಅಣೆಕಟ್ಟು) 19ನೇ ಗೇಟಿನ ಚೈನ್ ಕಟ್ ಆಗಿ ಗೇಟ ಕೊಚ್ಚಿಕೊಂಡು ಹೋತಲ್ಲ, ಆ ರಾತ್ರಿ ನೆನಸ್ಕೋ. ಎಲ್ಲಾ ಪೇಪರಿನ ಡೆಸ್ಕಿನಾಗ ಪೇಜ್ ಮುಗಿಯೋ ಹೊತ್ತು, ಅಷ್ಟರಾಗ ಫೋನು. ಡ್ಯಾಂಗೆ ಓಡಿದವ ಒಬ್ಬ, ನದಿ ದಂಡಿ ಊರಿನವ್ರಿಗೆ ಫೋನ್ ಹಚ್ಚಿ ನೀರು ಎಲ್ಲಿ ತನಕ ಬಂತು ಅಂತ ಕೇಳಿದವ ಇನ್ನೊಬ್ಬ, ಡೆಸ್ಕಿನಾಗ ಕುಂತು ಕ್ಯೂಸೆಕ್ ಎಷ್ಟು ಟಿಎಂಸಿ ಎಷ್ಟು ಅಂತ ಬಿಡಿಸಿ ಬರೆದಾಕಿ ಒಬ್ಬಾಕಿ, ಯಾಕಂದ್ರ ಕ್ಯೂಸೆಕ್ ಅಂದ್ರ ಸೆಕೆಂಡಿಗೆ ಹರಿಯೋ ಘನ ಅಡಿ, ಟಿಎಂಸಿ ಅಂದ್ರ ನಿಂತ ನೀರಿನ ಲೆಕ್ಕ, ಎರಡೂ ಕಲಸಿ ಒಂದ ಹೆಡ್ಡಿಂಗ್ ಕೊಟ್ರ ಸಿರುಗುಪ್ಪದ ಭತ್ತದ ರೈತ ರಾತ್ರೋರಾತ್ರಿ ಮನಿ ಬಿಟ್ಟು ಓಡ್ತಾನ. ಆ ಮೂವರ ಹೆಸರು ನಿಮ್ಮ ಹನ್ನೊಂದರಾಗ ಐತೇನು? ಇಂಥವ್ರು ಗ್ರೂಪಿನಾಗ ತಮ್ಮ ಹೆಸರು ತಾವ ಹಾಕಂಗಿಲ್ಲ, ನೀವ ಹುಡುಕಬೇಕು. ಹಾಜರಿ ರಿಜಿಸ್ಟರ್ ಹಿಡ್ಕೊಂಡು ಬ್ಯಾಚ್ ಬ್ಯಾಚಿಗೆ ಫೋನ್ ಹಚ್ಚ್ರಿ, "ನಿನಗ ಸನ್ಮಾನ ಬೇಕೇನು" ಅಂತ ಕೇಳಬ್ಯಾಡ್ರಿ, "ನಿನ್ನ ಕ್ಲಾಸ್‌ಮೇಟ್ಸ್‌ನಾಗ ಯಾರ ಕೆಲಸ ಭೇಷ್ ಐತಿ" ಅಂತ ಕೇಳ್ರಿ. ಎರಡು ಫೋನಿನಾಗ ಬ್ಯಾರೇನ ಲಿಸ್ಟ್ ಬರತೈತಿ.

ಆರಿಸುವಾಗ ಒಂದ ಮಾತು, ಹುದ್ದೆ ನೋಡಬ್ಯಾಡ್ರಿ, ಒಬ್ಬೊಬ್ಬರದು ಒಂದು ಕೆಲಸ ತರಿಸ್ಕೊಳ್ರಿ. ವರದಿ ಇರ್ಲಿ, ರೇಡಿಯೋದ ಹತ್ತು ನಿಮಿಷದ ಕಾರ್ಯಕ್ರಮ ಇರ್ಲಿ, ಜಾತ್ರಿಗೆ ಮಾಡಿದ ಆರೋಗ್ಯದ ಪೋಸ್ಟರ್ ಇರ್ಲಿ. ಅದನ್ನ ಕ್ಲಾಸಿನಾಗ ಇಟ್ಟು ಓದ್ರಿ, ನೋಡ್ರಿ, ಕೇಳ್ರಿ. ವೇದಿಕಿ ಮ್ಯಾಲೂ ಅದ ಒಂದನ್ನ ಹೆಸರು ಹಿಡಿದು ಹೇಳ್ರಿ, "ಇವರು ಅನೇಕ ಸಾಧನೆಗಳನ್ನು ಮಾಡಿದ್ದಾರೆ" ಅಂತ ಓದೋ ಸನ್ಮಾನ ಪತ್ರ ಬಾಗಲಕೋಟಿಗೂ ನಡೀತೈತಿ, ಬೀದರಿಗೂ ನಡೀತೈತಿ.

ನನ್ನದೂ ಒಂದು ಕೇಳು. ಹದಿನೈದು ವರ್ಷದ ಹಿಂದ ಒಂದು ಸಂಸ್ಥೆಯವ್ರು ಆರು ಮಂದಿ ವರದಿಗಾರ್ರನ್ನ ಕರೆಸಿದ್ರು, ಮುಂಜಾನಿ ಹತ್ತಕ್ಕ ಬಾ ಅಂದ್ರು, ಮುಖ್ಯ ಅತಿಥಿ ಬಂದಿದ್ದು ಒಂದೂವರಿಗೆ, ಏಪ್ರಿಲ್ ತಿಂಗಳು, ಬಳ್ಳಾರಿ ಬಿಸಿಲು ನಿನಗೇನು ಹೊಸದಲ್ಲ, ಮ್ಯಾಲ ಕರೆಂಟ್ ಬ್ಯಾರೆ ಹೋಗಿತ್ತು. ಮೈಸೂರು ಪೇಟ ತಲಿಗೆ ಇಟ್ರು, ಫೋಟೋ ಹೊಡೆದ್ರು, ಕೆಳಗ ಇಳಿಯೋವಾಗ ಒಬ್ಬ ಹುಡುಗ ಬಂದು ಕಿವಿಯಾಗ ಅಂದ, "ಸರ, ಪೇಟ ಕೊಡ್ರಿ, ಇನ್ನ ನಾಲ್ಕು ಮಂದಿ ಅದಾರ." ಇರೋದು ಒಂದ ಪೇಟ, ತಲಿ ಆರು. ನಂದು ಎರಡನೇ ತಲಿ ಆಗಿದ್ದಕ್ಕ ಪುಣ್ಯಾ, ಆರನೇಯವ ಅದನ್ನ ಹಿಂಡಿದ್ರ ಒಂದು ಲೋಟ ಬೆವರು ಬರ್ತಿತ್ತು. ಸ್ಮರಣಿಕಿ ಮ್ಯಾಲ ನನ್ನ ಇನಿಷಿಯಲ್ಲೂ ತಪ್ಪು. ನಿಮ್ಮ ನಾಲ್ಕು ಮಂದ್ಯಾಗ ಒಬ್ರು ಹೆಸರಿನ ಸ್ಪೆಲ್ಲಿಂಗ್ ನೋಡೋ ಕೆಲಸಕ್ಕ ನಿಂದ್ರ್ರಿ, ಪತ್ರಿಕೋದ್ಯಮ ವಿಭಾಗದಾಗ ಹೆಸರು ತಪ್ಪಾದ್ರ ಮುಖ ಎಲ್ಲಿ ಇಟ್ಕೊಳ್ಳೋದು?

ಪ್ರಶ್ನೆ: ನಾನು ಕೊಪ್ಪಳ ಜಿಲ್ಲೆಯವ. ಹಳೇ ವಿದ್ಯಾರ್ಥಿ ಅಂತ ನನಗೂ ಸನ್ಮಾನಕ್ಕ ಫೋನ್ ಬಂದೈತಿ. ಪೇಪರ್ ಬಿಟ್ಟು ಆರು ವರ್ಷ ಆತು, ಈಗ ಒಂದು ಫ್ಯಾಕ್ಟರಿಯಾಗ ಪಿಆರ್‌ಓ, ಅಂದ್ರ ಸಾರ್ವಜನಿಕ ಸಂಪರ್ಕ ಅಧಿಕಾರಿ. ಜತಿಗೆ ಓದಿದವ್ರು "ಕಂಪನಿ ಮನುಷ್ಯಾ ಆದಿ" ಅಂತಾರ. ಹೋಗ್ಲೋ ಬ್ಯಾಡೋ?

ಉತ್ತರ: ಹೋಗ್ರಿ ಸಾಹೇಬ್ರ. ನಿಮ್ಮ ಕೋರ್ಸಿನ ಹೆಸರ ಪತ್ರಿಕೋದ್ಯಮ ಮತ್ತು ಸಮೂಹ ಸಂವಹನ, ಸಾರ್ವಜನಿಕ ಸಂಪರ್ಕ ಅಂತ ಒಂದು ಪೇಪರ್ ಬರೆದು ಪಾಸಾಗೀರಿ, ಅದೇನು ಕದ್ದ ಮಾಲಲ್ಲ. ಆದ್ರ ಅಲ್ಲಿ ಹುಡುಗ್ರು ಒಂದು ಕೇಳ್ತಾರ, ಕೇಳಬೇಕು ಕೂಡ: ಊರಿನವ್ರು ಹೊಗಿ, ಬೂದಿ ಅಂತ ಗಲಾಟಿ ಮಾಡಿದಾಗ ನೀವು ಪ್ರೆಸ್ ನೋಟಿನಾಗ ಏನು ಬರೀತೀರಿ ಅಂತ. ಅದಕ್ಕ ನಿಮ್ಮ ಹತ್ರ ನೆಟ್ಟಗಿನ ಉತ್ತರ ಇದ್ರ ಶಾಲು ಹೊದಿಸ್ಕೊಳ್ರಿ, ಇಲ್ಲಂದ್ರ ಊಟ ಮಾಡಿ ಬರ್ರಿ.

ಪ್ರಶ್ನೆ: ನಮ್ಮ ವಿಭಾಗದ ಪ್ರಶಸ್ತಿಗೆ ಒಂದು ಹೆಸರು ಬೇಕಾಗೈತಿ. ನಮ್ಮ ಕಡೆ ಪತ್ರಿಕೆ ಇತಿಹಾಸ ಏನೂ ಇಲ್ಲ, ಮೈಸೂರು ಮಂಗಳೂರಿನವ್ರದ ಇಡಬೇಕು ಅಂತಾರ ಕೆಲವ್ರು. ಹೌದೇನ್ರಿ?
(ಒಬ್ಬ ಅತಿಥಿ ಉಪನ್ಯಾಸಕ, ಬಳ್ಳಾರಿ)

ಉತ್ತರ: ಏನ್ರೀ ಮಾಸ್ತರ, ಪ್ರತಿ ವರ್ಷ ಜುಲೈ 1ಕ್ಕ ಪತ್ರಿಕಾ ದಿನಾಚರಣೆ ಮಾಡ್ತೀರಿ, ಮಂಗಳೂರ ಸಮಾಚಾರ 1843ರಾಗ ಶುರುವಾತು, ಹರ್ಮನ್ ಮೊಗ್ಲಿಂಗ್ ಸಂಪಾದಕ ಅಂತ ಭಾಷಣ ಮಾಡಿ ಅಲ್ಲಿಗೇ ನಿಲ್ಲಿಸ್ತೀರಿ. ಮುಂದಿನ ಪುಟ ತಿರುವಿ ಹಾಕ್ರಿ. ಮರುವರ್ಷ, 1844ರ ಮಾರ್ಚಿನಾಗ, ಆ ಪತ್ರಿಕೆ ಬಂದಿದ್ದ ನಮ್ಮ ಬಳ್ಳಾರಿಗೆ, ಹೆಸರು ಕನ್ನಡ ಸಮಾಚಾರ ಅಂತ ಬದಲಾತು. ಅಲ್ಲಿ ಕಲ್ಲಚ್ಚಿನಾಗ (ಕಲ್ಲಿನ ಮ್ಯಾಲ ಬರೆದು ಛಾಪಿಸೋದು) ಛಾಪಾ ಆಗ್ತಿದ್ದದ್ದು ಇಲ್ಲಿ ಮೊಳೆ ಅಚ್ಚಿಗೆ (ಒಂದೊಂದ ಅಕ್ಷರದ ಅಚ್ಚು ಜೋಡಿಸೋದು) ಬಂತು. ಒಂದು ಊರಿನ ಹೆಸರಿನಾಗಿದ್ದ ಪೇಪರ್ರು ಇಡೀ ಕನ್ನಡದ ಹೆಸರು ಇಟ್ಕೊಂಡಿದ್ದು ಬಳ್ಳಾರಿಯಾಗ! ಬಹಳ ದಿನ ನಡೀಲಿಲ್ಲ, ಖರೆ, ಆದ್ರ ನಡೀಲಾರದ ನಿಂತ ಪೇಪರ್ ನಮ್ಮ ಕಸುಬಿನಾಗ ಕಮ್ಮಿ ಅದಾವೇನು. "ಕನ್ನಡ ಸಮಾಚಾರ ಪುರಸ್ಕಾರ" ಅಂತ ಇಡ್ರಿ, ಯಾರ ಅಪ್ಪಣೆನೂ ಬೇಕಾಗಿಲ್ಲ. ಮೈಸೂರಿನವ್ರದೂ ನೆನಸಬೇಕು ಅಂದ್ರ 1951ರಾಗ ಮಹಾರಾಜಾ ಕಾಲೇಜಿನಾಗ ಪತ್ರಿಕೋದ್ಯಮ ಪಾಠ ಶುರು ಮಾಡಿದ ನಾಡಿಗ ಕೃಷ್ಣಮೂರ್ತಿಯವ್ರ ಫೋಟೋ ಒಂದು ಗ್ವಾಡಿಗೆ ಹಾಕ್ರಿ, ನಾವೆಲ್ಲ ಅವ್ರ ಶಿಷ್ಯರ ಶಿಷ್ಯರು.

ಪ್ರಶ್ನೆ: ಮಗಳು ಇಂಥ ಒಂದು ಸನ್ಮಾನ ನೋಡಿ ಬಂದು ತಾನೂ ಜರ್ನಲಿಸಂ ಓದ್ತೀನಿ ಅಂತ ಹಟ ಹಿಡಿದಾಳ. ನೌಕರಿ ಸಿಗತೈತೇನ್ರಿ?
(ಒಬ್ಬ ತಾಯಿ, ರಾಯಚೂರು)

ಉತ್ತರ: ಅಕ್ಕಾರ, ಓದಿಸ್ರಿ, ಆದ್ರ ಆ ವೇದಿಕಿ ನೋಡಿ ಅಲ್ಲ. ಪೇಪರಿನಾಗ ಶುರುವಿನ ಪಗಾರ ಕಮ್ಮಿ, ರಾತ್ರಿ ಪಾಳಿ ಇರತೈತಿ. ಆಕಾಶವಾಣಿ ನಿಮ್ಮ ರಾಯಚೂರಿನಾಗೂ ಐತಿ, ಹೊಸಪೇಟಿಯಾಗೂ ಐತಿ, ಜಿಲ್ಲೆಗೊಂದು ವಾರ್ತಾ ಇಲಾಖೆ ಕಚೇರಿ ಐತಿ, ಪಾಠ ಹೇಳಬೇಕಂದ್ರ ನೆಟ್, ಕೆ-ಸೆಟ್ ಈ ವಿಷಯದಾಗೂ ಇರತಾವು. ನಮ್ಮ ಕಲ್ಯಾಣ ಕರ್ನಾಟಕದವ್ರ ಮೀಸಲಾತಿಗೆ ಬೇಕಾಗೋ 371 ಜೆ ಸರ್ಟಿಫಿಕೇಟ್ ಈಗ ಮಾಡಿಸಿ ಬೀರುವಿನಾಗ ಇಡ್ರಿ, ಕೊನೀ ದಿನ ತಹಸೀಲ್ ಆಫೀಸಿಗೆ ಓಡಬ್ಯಾಡ್ರಿ. ಮಗಳಿಗೆ ಇಂಗ್ಲಿಷಿನಿಂದ ಕನ್ನಡಕ್ಕ ತರ್ಜುಮೆ ಮಾಡೋದು ಕಲಿಸ್ರಿ, ಅದು ಬಂದಾಕಿ ಉಪವಾಸ ಬಿದ್ದಿದ್ದು ನಾನಂತೂ ನೋಡಿಲ್ಲ.

ಪ್ರಶ್ನೆ: ಸನ್ಮಾನಕ್ಕ ಹಣ್ಣಿನ ಬುಟ್ಟಿ, ಶಾಲು ಬ್ಯಾಡಂದ್ರ ಮತ್ತೇನು ಕೊಡಬೇಕ್ರಿ?
(ಮಾನ್ವಿಯ ಓದುಗ)

ಉತ್ತರ: ಸರ್ಕಾರಿ ಕಾರ್ಯಕ್ರಮದಾಗ ಹಾರ ತುರಾಯಿ, ಹಣ್ಣಿನ ಬುಟ್ಟಿ, ಶಾಲು ಬಿಟ್ಟು ಕನ್ನಡ ಪುಸ್ತಕ ಕೊಡ್ರಿ ಅಂತ 2021ರ ಆಗಸ್ಟಿನಾಗ ಆದೇಶನ ಆಗೇತಿ. ಬುಟ್ಟಿ ಮಾತ್ರ ಇನ್ನೂ ಬರತೈತಿ, ಮ್ಯಾಲ ಸೇಬು ಕೆಳಗ ಪೇಪರ್ ಉಂಡಿ. ಪುಸ್ತಕ ಛಲೋನ, ಆದ್ರ ನನಗ ಕೇಳಿದ್ರ ಪತ್ರಿಕೋದ್ಯಮದವ್ರ ಹತ್ರ ಅದಕ್ಕಿಂತ ಬೆಲಿ ಬಾಳೋದು ಒಂದೈತಿ. ಎಲ್ಲಾ ವಿಭಾಗದಾಗೂ ಹುಡುಗ್ರು ಪ್ರಾಯೋಗಿಕ ಪತ್ರಿಕೆ ತೆಗೀತಾರ, ಹಳೇ ಸಂಚಿಕಿ ಬೀರುವಿನ ಕೆಳಗಿನ ಖಾನೆಯಾಗ ಬಿದ್ದಿರತಾವು. ಸನ್ಮಾನ ಆಗೋರ ಮೊದಲನೇ ಬೈಲೈನ್ (ವರದಿ ಜತಿ ಬರೆದವ್ರ ಹೆಸರು) ಬಂದ ಪುಟ ಹುಡುಕಿ ಫ್ರೇಮ್ ಹಾಕಿಸಿ ಕೊಡ್ರಿ. ಹೆಡ್ಡಿಂಗಿನಾಗ ಕಾಗುಣಿತ ತಪ್ಪಿದ್ರ ತಿದ್ದಬ್ಯಾಡ್ರಿ, ಹಂಗ ಇರ್ಲಿ. ಬೀರು ಮಾತ್ರ ಇವತ್ತ ತಗೀರಿ, ನಮ್ಮ ಕಡೆ ಗೆದ್ಲಿಗೆ ಬಹಳ ಓದೋ ಹುಚ್ಚು.